ನಿಂತವರನ್ನು ದಾಟಬಾರದು

ಹಿಂದಿನ ಬೀದಿಯಲ್ಲಿ ಜೀಪೊಂದು ಕೆಮ್ಮಿತು. ಒಮ್ಮೆ ಕೆಮ್ಮಿ ಸುಮ್ಮನಾಯಿತು, ಮತ್ತೆ ಕೆಮ್ಮಿತು, ಆಮೇಲೆ ಗಂಟಲು ಸರಿಮಾಡಿಕೊಂಡ ಮುದುಕನ ಹಾಗೆ ಗುಡುಗುಡು ಎನ್ನುತ್ತ ಓಡತೊಡಗಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕನ ಕಾಲು ನಿಂತಿತು. ಸೂಜಿ ರೆಗ್ಸಿನ್ನಿನೊಳಗೆ ಅರ್ಧ ಇಳಿದು ಅಲ್ಲೇ ಉಳಿಯಿತು.

ಅವಳು ಕಾಯುತ್ತಿದ್ದುದು ಎಂಜಿನ್ನಿನ ಸದ್ದಿಗಲ್ಲ, ಅದರ ನಂತರ ಬರಬೇಕಾದ ಸದ್ದುಗಳಿಗೆ. ಗೇರು ಬೀಳಬೇಕು, ಗೇಟು ಕಿರುಗುಟ್ಟಬೇಕು, ಚಕ್ರದಡಿ ಜಲ್ಲಿ ಕರಕರ ಎನ್ನಬೇಕು. ಅವು ಬರಲಿಲ್ಲ. ಸ್ವಲ್ಪ ಹೊತ್ತು ನಿಂತಲ್ಲೇ ಓಡಿದ ಎಂಜಿನ್ ಆರಿಹೋಯಿತು. ಪ್ರತಿ ಭಾನುವಾರವೂ ಹೀಗೆಯೇ.

"ಬ್ಯಾಟರಿ ಸಾಯಬಾರದು ಅಂತ ಸ್ಟಾರ್ಟ್ ಮಾಡ್ತಾಳಂತೆ" ಎಂದಳು ಅಮ್ಮ, ಹಳೆಯ ಸೀಟಿನ ಹೊಲಿಗೆ ಬಿಚ್ಚುತ್ತ.

"ನಾನು ಕೇಳಲಿಲ್ವಲ್ಲ."

"ಬಾಯಲ್ಲಿ ಕೇಳಲಿಲ್ಲ, ಸರಿ. ಕಾಲು ಯಾಕೆ ನಿಂತಿತು? ಅದಕ್ಕೇನು ವಾತ ಹಿಡಿದಿದೆಯಾ?"

ಅಕ್ಕ ಮತ್ತೆ ತುಳಿಯತೊಡಗಿದಳು.

ಜೀಪುಗಳಿಗೆ ಸೀಟು, ಹೊದಿಕೆ ಹೊಲಿಯುವುದು ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ರೆಗ್ಸಿನ್ ಸುರುಳಿಗಳ ನಡುವೆ ಬಂದವರು ಕೂರಲು ಜಾಗ ಹುಡುಕಬೇಕು. ಊರಿಗೆಲ್ಲ ಅವಳು ಅಕ್ಕ. ಜೀಪಿನವರಿಗೆ ಮಾತ್ರ 'ಬಾಲದಕ್ಕ'. ವರ್ಷಕ್ಕೊಮ್ಮೆ ಊರಿನ ಜೀಪುಗಳೆಲ್ಲ ಸಾಲಾಗಿ ಗುಡ್ಡದ ಕಚ್ಚಾ ದಾರಿ ಹತ್ತುವಾಗ, ಸಾಲಿನ ತುದಿಯ ಗಾಡಿ ಅವಳದ್ದು. ಕೆಟ್ಟು ನಿಂತವರನ್ನು ಎಳೆಯುವ ಹಗ್ಗ, ಔಷಧಿಯ ಡಬ್ಬ, ತೆರೆದ ಬೇಲಿಬಾಗಿಲನ್ನು ಮತ್ತೆ ಮುಚ್ಚುವ ಕೆಲಸ, ಎಲ್ಲ ಅವಳ ಪಾಲಿಗೆ. ಜೊತೆಗೆ ಊರಿನವರೆಲ್ಲರ ಧೂಳು. "ಊಟ ನಮ್ಮದು, ಉಪ್ಪಿನಕಾಯಿ ದಾರಿಯದು" ಎಂದು ಹಲ್ಲಲ್ಲಿ ಕಿರುಗುಡುವ ಮಣ್ಣನ್ನು ಉಗುಳಿ ನಗುತ್ತಿದ್ದಳು.

ಎದುರಿಂದ ಬೇರೆ ಗಾಡಿ ಬಂದರೆ, ತನ್ನ ಹಿಂದೆ ಇನ್ನೆಷ್ಟು ಗಾಡಿಗಳಿವೆ ಎಂದು ಪ್ರತಿ ಚಾಲಕನೂ ಬೆರಳೆತ್ತಿ ತೋರಿಸಬೇಕು. ಅದು ಆ ದಾರಿಯ ಮರ್ಯಾದೆ. ಅಕ್ಕ ತೋರಿಸುವುದು ಮುಚ್ಚಿದ ಮುಷ್ಟಿ. ನನ್ನ ಹಿಂದೆ ಯಾರೂ ಇಲ್ಲ. ಒಂದು ಕಾಲದಲ್ಲಿ ಆ ಮುಷ್ಟಿ ಎತ್ತುವಾಗ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಹಿಂದೆ ಯಾರೂ ಇಲ್ಲದಿದ್ದರೇನು, ಮುಂದೆ ಪುಟ್ಟಿ ಇದ್ದಳು.

ಪುಟ್ಟಿ ಎಂದರೆ ತಂಗಿ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳ ಕೆಂಪು ಜೀಪು ಸದಾ ಅಕ್ಕನ ಮುಂದೆ. ಸಾಲಿನಲ್ಲಿ ಒಂದೇ ದೊಡ್ಡ ನಿಯಮ: ನಿಮ್ಮ ಹಿಂದಿನವರು ನಿಮ್ಮ ಜವಾಬ್ದಾರಿ. ದಾರಿ ಕವಲೊಡೆದಲ್ಲಿ ತಿರುಗುವುದಿದ್ದರೆ, ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣುವ ತನಕ ನಿಲ್ಲಬೇಕು. ಒಬ್ಬರು ನಿಂತರೆ ಅವರ ಮುಂದಿನವರು ನಿಲ್ಲುತ್ತಾರೆ, ಅವರ ಮುಂದಿನವರೂ ನಿಲ್ಲುತ್ತಾರೆ. ಯಾರೂ ಕೂಗದೆ ಇಡೀ ಸಾಲು ತಾನಾಗಿ ನಿಲ್ಲುತ್ತದೆ. ಕವಲಿನಲ್ಲಿ ಯಾರೂ ನಿಂತಿಲ್ಲ ಎಂದರೆ ನೇರ ಹೋಗಬೇಕೆಂದು ಅರ್ಥ. ಅಕ್ಕನ ಜೀಪಿಗೆ ಒಂದು ದೀಪ ಹಳದಿ, ಇನ್ನೊಂದು ಬಿಳಿ. ಆ ಎರಡು ಬಣ್ಣ ಕನ್ನಡಿಯಲ್ಲಿ ಕಂಡರೆ ಪುಟ್ಟಿ ಬ್ರೇಕನ್ನು ಎರಡು ಸಲ ಮುಟ್ಟುವಳು. ಧೂಳಿನೊಳಗೆ ಕೆಂಪು ದೀಪ ಎರಡು ಸಲ ಮಿನುಗುವುದು. ಕಂಡೆ ಅಕ್ಕ, ಬಾ.

ಮೂರು ವರ್ಷದ ಹಿಂದಿನ ಸವಾರಿಯಲ್ಲಿ, ಧೂಳು ಗೋಡೆಯಂತೆ ಎದ್ದಿದ್ದಾಗ, ಕಲ್ಲುಗಣಿಯ ಜೀಪೊಂದು ಅಡ್ಡದಾರಿಯಿಂದ ಬಂದು ಅಕ್ಕತಂಗಿಯರ ನಡುವೆ ಸೇರಿಕೊಂಡಿತು. ಅದಕ್ಕೂ ಒಂದು ದೀಪ ಹಳದಿ, ಒಂದು ಬಿಳಿ. ಪುಟ್ಟಿ ಕವಲಿನಲ್ಲಿ ನಿಂತಳು, ಕನ್ನಡಿ ನೋಡಿದಳು, ಬ್ರೇಕನ್ನು ಎರಡು ಸಲ ಮುಟ್ಟಿ ಎಡಕ್ಕೆ ತಿರುಗಿದಳು. ಅಕ್ಕ ತಲುಪಿದಾಗ ಕವಲಿನಲ್ಲಿ ಯಾರೂ ಇರಲಿಲ್ಲ. ನೇರ ಹೋದಳು. ಒಣಗಿದ ಹಳ್ಳದ ದಂಡೆ ಕುಸಿದು ಜೀಪು ಮಗ್ಗುಲಿಗೆ ಉರುಳಿತು.

ಹುಡುಕಿಕೊಂಡು ಮೊದಲು ಓಡಿ ಬಂದವಳೂ ಪುಟ್ಟಿಯೇ. ಅಕ್ಕನ ಹೆಗಲ ಮೂಳೆ ಮುರಿದಿತ್ತು, ಕೂಡಿಕೊಂಡಿತು. ಕೂಡಿಕೊಳ್ಳದೆ ಉಳಿದದ್ದು ಆಸ್ಪತ್ರೆಯಲ್ಲಿ ಅಕ್ಕ ಆಡಿದ ಒಂದು ತಮಾಷೆ. ನೋಡಲು ಬಂದವರೆಲ್ಲ ಸುತ್ತ ನಿಂತಿದ್ದಾಗ, ಅಳು ಬರದಿರಲಿ ಎಂದು, "ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತಾಳೆ, ಸ್ವಂತ ಅಕ್ಕನ ದೀಪ ಗೊತ್ತಾಗಲ್ಲ ನಮ್ಮ ಪುಟ್ಟಿಗೆ" ಎಂದಿದ್ದಳು. ಎಲ್ಲರೂ ನಕ್ಕರು. ಪುಟ್ಟಿಯೂ ನಕ್ಕಳು. ನಗುತ್ತಲೇ ನೀರು ತರುತ್ತೇನೆಂದು ಹೂಜಿ ಎತ್ತಿಕೊಂಡು ಹೋದಳು. ನೀರನ್ನು ನರ್ಸಿನ ಕೈಲಿ ಕಳಿಸಿದಳು.

ಅಲ್ಲಿಂದೀಚೆಗೆ ಪುಟ್ಟಿಯ ಜೀಪು ಗೇಟು ದಾಟಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು, ಜಗಳವೇ ಇಲ್ಲ. ಫೋನಿನಲ್ಲಿ ಅಮ್ಮನ ಮಾತ್ರೆ ವಿಷಯ ಮಾತಾಡುತ್ತಾರೆ. "ಮನೆಗೆ ಬಾರೇ" ಎಂದರೆ "ಕೆಲಸ ಇದೆ ಅಕ್ಕ." ಎರಡು ಮನೆಗಳ ನಡುವೆ ಅಮ್ಮ ಒಬ್ಬಳೇ ಓಡಾಡುತ್ತ, "ನನ್ನ ಚಪ್ಪಲಿ ಸವೆದು ಹೋಯ್ತು, ನಿಮ್ಮ ಹಟ ಸವೀಲಿಲ್ಲ" ಎನ್ನುತ್ತಾಳೆ. ಹಟವಲ್ಲ ಎಂದು ಅಕ್ಕನಿಗೆ ಗೊತ್ತು. ಅವಳಾಗಿ ಬರಲಿ, ತಾನು ಹೋಗಿ ಕೆದಕುವುದು ಬೇಡ, ಎಂದು ಕಾದಿದ್ದಳು. ಸವಾರಿಗೆ ಹೋದಾಗಲೂ ತನ್ನ ಮುಂದೆ ಒಂದು ಗಾಡಿಯಷ್ಟು ಜಾಗ ಖಾಲಿ ಬಿಡಿಸಿಕೊಳ್ಳುತ್ತಿದ್ದಳು. ಅದು ಪುಟ್ಟಿಯ ಜಾಗ.

ಮುಂದಿನ ಭಾನುವಾರ ಬೆಳಿಗ್ಗೆ, ಈ ವರ್ಷದ ಸವಾರಿಗೆಂದು ಹಳೆಯ ಮಿಲ್ಲಿನ ಬಯಲಿನಲ್ಲಿ ಗಾಡಿಗಳು ಸೇರಿದವು. ಮಿಲ್ಲಿನ ಗೋಡೆಯ ಆಚೆಗೇ ಪುಟ್ಟಿಯ ಬೀದಿ. ಸಾಲಿನ ಮುಂದಾಳು ಡ್ರೈವರ್ ಮಾವ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು, ಕೊರಳಲ್ಲಿ ಸೀಟಿ.

"ನೋಡಮ್ಮ, ಈ ಸಲ ನಿನ್ನ ಮುಂದೆ ಹಲ್ಲಿನ ಡಾಕ್ಟ್ರ ಗಾಡಿ" ಎಂದರು ಮಾವ.

"ಮಾವ, ಆ ಜಾಗ..."

"ಗೊತ್ತು. ಎರಡು ವರ್ಷ ಸುಮ್ಮನಿದ್ದೆ. ಅಷ್ಟು ದೊಡ್ಡ ಸಂದಿ ಬಿಟ್ರೆ ಯಾರು ಬೇಕಾದ್ರೂ ನಡುವೆ ನುಗ್ತಾರೆ. ಆವತ್ತು ಆಗಿದ್ದೂ ಅದೇ ತಾನೆ? ನೀನೇ ಎಲ್ಲರಿಗೂ ಹೇಳಿಕೊಡ್ತೀಯ, ನೀನೇ ಮುರೀತೀಯ."

ಅಕ್ಕ ತಲೆ ತಗ್ಗಿಸಿದಳು. ಮಾವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಲ್ಲಿನ ಡಾಕ್ಟರ ಬಿಳಿ ಗಾಡಿ ಮೆಲ್ಲನೆ ಹಿಂದಕ್ಕೆ ಬಂದು ಆ ಜಾಗದಲ್ಲಿ ನಿಂತಿತು. ಅಷ್ಟೇ ಆದದ್ದು.

ಹೊಸಬರಿಗೆ ನಿಯಮ ಹೇಳುವುದು ಪ್ರತಿ ವರ್ಷ ಅವಳೇ. ಬಾನೆಟ್ಟಿಗೆ ಒರಗಿ ಶುರುಮಾಡಿದಳು. ಏರಿನಲ್ಲಿ ಒಬ್ಬೊಬ್ಬರೇ ಹತ್ತಿ, ಮುಂದಿನವರು ಮೇಲೆ ಮುಟ್ಟೋ ತನಕ ಕೆಳಗೇ ಇರಿ. ಯಾರನ್ನೂ ಹಿಂದೆ ಹಾಕಬೇಡಿ, ಗುಡ್ಡ ಎಲ್ಲೂ ಓಡಿ ಹೋಗಲ್ಲ. ಬೆಲ್ಟು ಹಾಕಿ, ಹೊಟ್ಟೆ ಅಡ್ಡ ಬಂದ್ರೂ ಹಾಕಿ. ಹೊಟ್ಟೆಯ ಮಾತಿಗೆ ಡಾಕ್ಟರು ನಕ್ಕರು.

ಡಾಕ್ಟರ ಹೆಂಡತಿ ಕೇಳಿದರು: "ಅಕ್ಕ, ಮುಂದಿನವರು ಏನೂ ಹೇಳದೆ ನಿಂತುಬಿಟ್ರೆ?"

"ಬಾಲದ ಗಾಡಿ ನಿಂತವರನ್ನು ದಾಟಬಾರದು."

"ಅದು ಸರಿ. ಹಿಂದೆ ಸುಮ್ಮನೆ ಕಾಯ್ತಾ ಕೂತಿರಬೇಕಾ?"

"ಅಯ್ಯೋ, ಕೂತ್ರೆ ಏನು ಬಂತು?" ಅಕ್ಕ ನಕ್ಕಳು. "ಅವರಿಗೆ ಏನಾಗಿದೆಯೋ ಏನೋ. ಎಷ್ಟೋ ಜನ ನಾಚಿಕೆಗೇ ಬಾಯಿ ಬಿಡಲ್ಲ. ಹಾರ್ನ್ ಹೊಡೀಬಾರದು, ಕೂತಲ್ಲಿಂದ 'ಬಾ ಬಾ' ಅಂತ ಕೂಗಬಾರದು. ನಾವೇ ಇಳಿದು..."

ಗೋಡೆಯ ಆಚೆ ಜೀಪೊಂದು ಕೆಮ್ಮಿತು. ಮತ್ತೆ ಕೆಮ್ಮಿತು. ಗುಡುಗುಡು ಎಂದು ಓಡತೊಡಗಿತು, ನಿಂತಲ್ಲೇ.

ಅಕ್ಕ ಆ ಕಡೆ ತಿರುಗಿದಳು. ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿ, ಬಾನೆಟ್ಟಿನ ಮೇಲಿಟ್ಟಳು.

"ಇಳಿದು?" ಎಂದರು ಡಾಕ್ಟರ ಹೆಂಡತಿ.

"ಇಳಿದು, ನಡ್ಕೊಂಡೇ ಹೋಗ್ಬೇಕು" ಎಂದಳು ಅಕ್ಕ. ಹೇಳುತ್ತಲೇ ಹೊರಟಳು. ಮಾವ ಬಾಯಿಗಿಟ್ಟ ಸೀಟಿಯನ್ನು ಊದದೆ ಕೆಳಗಿಳಿಸಿ, ಡಾಕ್ಟರಿಗೆ ಗಾಡಿ ಸ್ವಲ್ಪ ಮುಂದಕ್ಕೆ ತಗೊಳ್ಳುವಂತೆ ಸನ್ನೆ ಮಾಡಿದರು. ಅಕ್ಕ ಅದನ್ನು ನೋಡಲಿಲ್ಲ. ಎಂಜಿನ್ ಇನ್ನೂ ಓಡುತ್ತಿತ್ತು. ಆರುವುದರೊಳಗೆ ಮುಟ್ಟಬೇಕು. ಗೋಡೆಯ ಒಡಕಿನತ್ತ ಕಾಲು ಬೀಸುತ್ತ, ಹಿಂತಿರುಗಿ ನೋಡದೆ, ಅವಳು ಹೇಳುತ್ತಲೇ ಇದ್ದಳು: "ಅವರ ಕಿಟಕಿ ಹತ್ತಿರ ಹೋಗಿ ನಿಂತ್ಕೋಬೇಕು, ಆವತ್ತು ನಾನು ಹಾಗೆ ನಗಿಸಬಾರದಿತ್ತು ಪುಟ್ಟಿ, ಗೇರು ಹಾಕು, ನಾನು ನಿನ್ನ ಹಿಂದೇನೇ..."