‘ನಮ್ಮವನು’ ಎನ್ನಲು ಒಬ್ಬರು ಬೇಕು

ಗುಡ್ಡದ ಮೇಲೆ ಬೆಳಕಿನ್ನೂ ಮೂಡಿಲ್ಲ. ಬ್ರಿನ್‌ಗ್ಲಾಸ್ ಫಾರ್ಮಿನ ಅಂಗಳಕ್ಕೆ ಹಾಲಿನ ಟ್ಯಾಂಕರ್ ಹಿಮ್ಮುಖವಾಗಿ ಬರುತ್ತಿದೆ. ಎರಡೂ ಕಡೆ ಕಲ್ಲಿನ ಗೋಡೆ, ಅತ್ತಿತ್ತ ಗೇಣು ಜಾಗವೂ ಇಲ್ಲ. ಚಾಲಕಿ ಎಲುನೆಡ್ ಪ್ಯೂ ಕನ್ನಡಿಯನ್ನು ನಂಬುವವರಲ್ಲ. ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ, ಕೊಟ್ಟಿಗೆಯ ಬಾಗಿಲಿಗೆ ಸರಿಯಾಗಿ ಗಾಡಿ ನಿಲ್ಲಿಸುತ್ತಾರೆ. ಇಳಿದವರೇ ಹಾಲಿನ ತೊಟ್ಟಿಯ ಮುಚ್ಚಳ ಎತ್ತಿ ಮೂಸಿ ನೋಡಿ, ಪುಟ್ಟ ಬಾಟಲಿಗೆ ಮಾದರಿ ತುಂಬಿಕೊಂಡು, ಪೈಪು ಸಿಕ್ಕಿಸುತ್ತಾರೆ. ಮೋಟಾರು ಗುರ್ ಎನ್ನತೊಡಗುತ್ತದೆ.

ಹಾಲು ಹರಿಯುವಷ್ಟು ಹೊತ್ತು ಚಾಲಕರಿಗೆ ಬೇರೆ ಕೆಲಸವಿಲ್ಲ. ಕೆಲವರು ಫೋನು ನೋಡುತ್ತಾರೆ, ಕೆಲವರು ಸಿಗರೇಟು ಹಚ್ಚುತ್ತಾರೆ. ಎಲುನೆಡ್ ಮಾತ್ರ ನೂರು ವರ್ಷದ ಹಿಂದೆ ಸತ್ತ ಹುಡುಗರ ಬಗ್ಗೆ ವಿಚಾರಿಸುತ್ತಾರೆ. ಅವರಿಗೆ ಅರವತ್ಮೂರು ವರ್ಷ. ವೇಲ್ಸ್ ಗುಡ್ಡಗಾಡಿನ ಪೆಂತ್ರೆ ಹೆಲಿಗ್ ಎಂಬ ಈ ಊರಿನ ಮೊದಲ ಮಹಾಯುದ್ಧದ ಸ್ಮಾರಕದ ಮೇಲಿರುವ ಹದಿನಾರು ಹೆಸರುಗಳ ಮನೆತನ ಹುಡುಕುವ ಕೆಲಸವನ್ನು ಅವರಿಗೆ ಯಾರೂ ವಹಿಸಿಲ್ಲ. ತಾವಾಗಿ ಮೈಮೇಲೆ ಎಳೆದುಕೊಂಡದ್ದು.

‘ಮಜ್ಜಿಗೆಗೆ ಬಂದೋಳು ಎಮ್ಮೆ ಕ್ರಯ ಕೇಳಿದ್ಲಂತೆ’ ಎನ್ನುತ್ತ ಇಡ್ವಲ್ ರೀಸ್ ಚಹಾ ತಂದು ಕೊಡುತ್ತಾರೆ. ಬ್ರಿನ್‌ಗ್ಲಾಸಿನ ಯಜಮಾನ, ಎಪ್ಪತ್ತು ದಾಟಿದ ಒರಟ. ಎಲುನೆಡ್ ಬಾಯಿ ತೆರೆಯುವ ಮೊದಲೇ ಈ ಚುಚ್ಚುಮಾತು ಸಿದ್ಧವಾಗಿರುತ್ತದೆ.

‘ಎಮ್ಮೆ ಬೇಡ ಬಿಡು ಇಡ್ವಲಣ್ಣ. ಬೆನ್ ವಿಷ್ಯ ಹೇಳು’ ಎನ್ನುತ್ತಾರೆ ಎಲುನೆಡ್.

ಇಡ್ವಲ್ ಮುಖ ತಿರುಗಿಸಿ ಹಸುಗಳ ಕಡೆ ನೋಡುತ್ತಾರೆ.

ಎಲುನೆಡ್ ಹಾಲಿನ ಗಾಡಿಯಲ್ಲೇ ಬೆಳೆದವರು. ಅಪ್ಪ ಫಾರ್ಮುಗಳ ದಾರಿಬದಿಯ ಕಟ್ಟೆಯಿಂದ ಹಾಲಿನ ಕ್ಯಾನುಗಳನ್ನು ಎತ್ತಿ ಲಾರಿಗೆ ಹಾಕುತ್ತಿದ್ದ ಕಾಲ ಅದು. ಅಪ್ಪನ ಸೊಂಟ ಬಿದ್ದಾಗ ಮಗಳು ಸ್ಟೀರಿಂಗ್ ಹಿಡಿದಳು. ‘ಹೆಣ್ಣುಮಗಳು ಈ ಇಳಿಜಾರಲ್ಲಿ ಗಾಡಿ ಹೊಡಿತಾಳಾ ಅಂತ ನಗ್ತಿದ್ರು. ಮಂಜುಗಡ್ಡೆ ಮೇಲೆ ಗಂಡಸರ ಗಾಡಿನೂ ಜಾರುತ್ತೆ, ನಂದೂ ಜಾರುತ್ತೆ. ಅದರಲ್ಲೇನು ಭೇದ?’ ಎಂದು ಅವರೇ ನಗುತ್ತಾರೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಈಗ ದಿನಕ್ಕೆ ಒಂಬತ್ತು ಹತ್ತು ಫಾರ್ಮು, ಇಪ್ಪತ್ತು ಸಾವಿರ ಲೀಟರಿನ ಆಸುಪಾಸು ಹಾಲು. ಮಂಡಿ ಚಳಿಗಾಲದಲ್ಲಿ ಮಾತು ಕೇಳುವುದಿಲ್ಲ.

ಪ್ರತಿ ನವೆಂಬರಿನಲ್ಲಿ ಒಂದು ಭಾನುವಾರ ಊರು ಸ್ಮಾರಕದ ಮುಂದೆ ಸೇರುತ್ತದೆ. ಚರ್ಚಿನ ಹಿರಿಯರು ಒಂದೊಂದೇ ಹೆಸರನ್ನು ಫಾರ್ಮಿನ ಹೆಸರಿನ ಜತೆ ಕೂಗುತ್ತಾರೆ. ಆ ಮನೆಯವರೊಬ್ಬರು ಮುಂದೆ ಬಂದು ಕಲ್ಲಿಗೆ ಅಂಗೈ ಇಟ್ಟು ‘ನಮ್ಮವನು’ ಎನ್ನಬೇಕು. ಪೆಂತ್ರೆ ಹೆಲಿಗ್‌ನ ಪದ್ಧತಿ ಅದು. ಆದರೆ ಎಷ್ಟೋ ಮನೆಗಳು ಕೈ ಬದಲಾದವು, ಮಕ್ಕಳು ಪಟ್ಟಣ ಸೇರಿದರು. ಒಂದು ವರ್ಷ ಹದಿನಾರು ಹೆಸರಿಗೆ ಐದೇ ದನಿ ಬಂತು. ಉಳಿದ ಹೆಸರುಗಳಿಗೆಲ್ಲ ಗಾಳಿಯೇ ಉತ್ತರ. ಎಲುನೆಡ್‌ಗೆ ದುಃಖವಾಗಲಿಲ್ಲ, ಸಿಟ್ಟು ಬಂತು.

‘ಮನೆ ಬಾಗಿಲಲ್ಲಿ ನಿಂತು ಕೂಗಿದ ಹಾಗಿತ್ತು. ಒಳಗೆ ಯಾರೂ ಇಲ್ಲ ಅಂದ್ರೆ ಏನು ಮಾಡ್ತೀರಿ? ಅಕ್ಕಪಕ್ಕದ ಮನೇಲಿ ಕೇಳ್ತೀರಿ ತಾನೇ? ನಾನೂ ಅಷ್ಟೇ ಮಾಡಿದ್ದು.’

ಅಕ್ಕಪಕ್ಕ ಕೇಳುವುದು ಇಲ್ಲಿ ಸುಲಭವಲ್ಲ. ಈ ಕಣಿವೆಯಲ್ಲಿ ಮನೆತನದ ಹೆಸರು ಎಂದರೆ ರೀಸ್, ಡೇವಿಸ್, ಪ್ಯೂ, ಮುಗಿಯಿತು. ಅದಕ್ಕೇ ಜನರನ್ನು ಗುರುತಿಸುವುದು ಫಾರ್ಮಿನ ಹೆಸರಿನಿಂದ. ಎಲುನೆಡ್ ಒಂದೊಂದು ಹೆಸರನ್ನೂ ಅಂಗಳದಿಂದ ಅಂಗಳಕ್ಕೆ ಹೊತ್ತುಕೊಂಡು ಹೋದರು. ಒಬ್ಬ ಹುಡುಗನ ತಂಗಿಯ ಮೊಮ್ಮಗ ಬಸ್ ಚಾಲಕನಾಗಿ ಸಿಕ್ಕಿದ. ಇನ್ನೊಬ್ಬನ ವಂಶದಲ್ಲಿ ಉಳಿದವಳು ಕುರಿಯ ಉಣ್ಣೆ ಕತ್ತರಿಸುವ ಗಟ್ಟಿಗಿತ್ತಿ. ಕರೆದ ತಕ್ಷಣ ‘ಮೊದಲೇ ಹೇಳಬಾರದಿತ್ತಾ?’ ಎಂದು ಎಲುನೆಡ್‌ಗೇ ಬೈದಳು. ಹೀಗೆ ದನಿಗಳು ಕೂಡುತ್ತ ಬಂದು ಕೊನೆಗೆ ಉಳಿದದ್ದು ಒಂದೇ ಹೆಸರು: ಬೆಂಜಮಿನ್ ರೀಸ್, ಬ್ರಿನ್‌ಗ್ಲಾಸ್.

ಕಲ್ಲೇ ಮನೆ ಹೇಳುತ್ತಿದೆ. ಮನೆಯವರೂ ರೀಸ್‌ಗಳೇ, ಇಂದಿಗೂ ಅದೇ ಮನೆಯಲ್ಲಿದ್ದಾರೆ. ಆದರೆ ಇಡ್ವಲ್ ಮಾತ್ರ ಪ್ರತಿ ಸಲವೂ ‘ನಮ್ಮ ವಂಶದಲ್ಲಿ ಬೆನ್ ಅನ್ನೋನೇ ಹುಟ್ಟಿಲ್ಲ ಕಣೇ’ ಎನ್ನುತ್ತಿದ್ದರು. ವರ್ಷಗಟ್ಟಲೆ ಎಲುನೆಡ್ ನಂಬಲಿಲ್ಲ. ಈ ಮನುಷ್ಯನಿಗೆ ಹೊಟ್ಟೆಯಲ್ಲಿ ಏನೋ ಇದೆ ಎಂದುಕೊಂಡರು. ಅವರ ಅನುಮಾನ ಅರ್ಧ ಸರಿ, ಅರ್ಧ ತಪ್ಪು.

ಕಳೆದ ಚಳಿಗಾಲ ಇನ್ನೊಬ್ಬ ಚಾಲಕ ಬೆನ್ನುನೋವೆಂದು ಮಲಗಿದ್ದರಿಂದ ಗುಡ್ಡದಾಚೆಯ ಕಣಿವೆಯ ಹಾಲೂ ಎಲುನೆಡ್ ಪಾಲಿಗೆ ಬಂತು. ಅಲ್ಲೊಂದು ಅಂಗಳದಲ್ಲಿ ಪೈಪು ಸಿಕ್ಕಿಸಿ ನಿಂತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಒಂದು ದನಿ ಕರೆಯಿತು. ‘ಏ ಹುಡುಗಿ, ಕಲ್ಲಿನ ಹೆಸರೆಲ್ಲ ಹುಡುಕ್ತೀಯಂತಲ್ಲ, ನೀನೇನಾ? ಒಳಗೆ ಬಾ, ಬೆಣ್ಣೆ ಹಚ್ಚಿದ ರೊಟ್ಟಿ ಇದೆ.’

ಕರೆದವರು ಮಾರ್ಗೆಡ್, ತೊಂಬತ್ತರ ಅಜ್ಜಿ, ಆ ಫಾರ್ಮಿನ ಯಜಮಾನನ ತಾಯಿ. ಬೆನ್ ಅವರ ಸೋದರಮಾವ. ತಾಯಿಯ ದೊಡ್ಡಣ್ಣ. ಬ್ರಿನ್‌ಗ್ಲಾಸಿನ ಮಗ ಅಲ್ಲವೇ ಅಲ್ಲ, ರೀಸ್ ಎಂಬ ಹೆಸರಷ್ಟೇ ಒಂದು, ಬ್ರಿನ್‌ಗ್ಲಾಸಿನ ಆಳು. ಆಳುಗಳು ಸೇರುವ ಚಳಿಗಾಲದ ಸಂತೆಯಲ್ಲಿ ಆಗಿನ ಯಜಮಾನ ಅವನ ಅಂಗೈಗೆ ಒಂದು ನಾಣ್ಯ ಇಟ್ಟು ವರ್ಷಕ್ಕೆ ಗೊತ್ತು ಮಾಡಿಕೊಂಡಿದ್ದ. ಅಂದಿನಿಂದ ಅವನು ಲಾಯದ ಅಟ್ಟದಲ್ಲಿ ಮಲಗಿದ, ಊರಿನ ಬಾಯಲ್ಲಿ ಬ್ರಿನ್‌ಗ್ಲಾಸಿನ ಬೆನ್ ಆದ. ಆಳುಗಳನ್ನೂ ದುಡಿಯುವ ಮನೆಯ ಹೆಸರಿನಿಂದಲೇ ಕರೆಯುವುದು ಇಲ್ಲಿನ ವಾಡಿಕೆ. ಕಲ್ಲು ಕೆತ್ತಿಸಿದವರು ತಮಗೆ ಗೊತ್ತಿದ್ದ ಹೆಸರನ್ನೇ ಕೆತ್ತಿಸಿದರು.

ಅಜ್ಜಿ ಹೇಳಿದ ಮುಂದಿನ ಮಾತಿಗೆ ಎಲುನೆಡ್ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಮರಳಿತು. ‘ನಾನು ಪ್ರತಿ ವರ್ಷ ಬರ್ತೀನಮ್ಮ. ಗೋಡೆ ಪಕ್ಕ, ಎಲ್ಲರ ಹಿಂದೆ ನಿಂತಿರ್ತೀನಿ. ಮಾವನ ಹೆಸರು ಕೂಗ್ತಾರೆ. ಬ್ರಿನ್‌ಗ್ಲಾಸಿನವರು ಬರ್ತಾರೇನೋ ಅಂತ ಕಾಯ್ತೀನಿ. ಬರಲ್ಲ. ಆಮೇಲೆ ಮುಂದಿನ ಹೆಸರು ಕೂಗ್ತಾರೆ.’

‘ನೀವೇ ಹೋಗಬಹುದಿತ್ತಲ್ಲ ಅಜ್ಜಿ?’

‘ಅದು ಹ್ಯಾಗೆ? ಕಲ್ಲಿನ ಮೇಲೆ ಅವರ ಮನೆ ಹೆಸರಿದೆ. ನಮ್ಮಮ್ಮನ ಮನೆಯವರು ಮೂರೆಕರೆಯವರು, ಅವರು ದೊಡ್ಡ ಮನೆ. ಬ್ರಿನ್‌ಗ್ಲಾಸಿನವರು ಬಾ ಅಂದ್ರೆ ಬರ್ತೀನಿ. ಕರೀದೆ ಹೋಗೋಳಲ್ಲ.’

ಇದನ್ನು ಎದೆಯಲ್ಲಿಟ್ಟುಕೊಂಡೇ ಎಲುನೆಡ್ ಅಕ್ಟೋಬರಿನ ಈ ಮುಂಜಾನೆ ಬ್ರಿನ್‌ಗ್ಲಾಸಿನಲ್ಲಿ ನಿಂತಿದ್ದಾರೆ. ಅಜ್ಜಿಯ ಮಾತನ್ನು ಇಡ್ವಲ್ ಕಿವಿಗೆ ಮುಟ್ಟಿಸಿ ಹತ್ತು ತಿಂಗಳಾಯಿತು, ಅವರು ಬಾಯಿ ಬಿಟ್ಟಿಲ್ಲ. ತೊಂಬತ್ತರ ಜೀವಕ್ಕೆ ಇನ್ನೆಷ್ಟು ನವೆಂಬರ್ ಇದೆಯೋ ಯಾರಿಗೆ ಗೊತ್ತು? ಚಹಾ ತಣ್ಣಗಾಗುತ್ತಿದೆ. ಇಡ್ವಲ್ ಹಸುಗಳ ಕಡೆ ನೋಡುತ್ತಲೇ ಮಾತಾಡುತ್ತಾರೆ.

‘ನಮ್ಮ ತಾತ ಆಗ ಇಪ್ಪತ್ತರ ಹುಡುಗ. ಬೇಸಾಯಕ್ಕೆ ಒಬ್ಬನ್ನ ಉಳಿಸ್ಕೊಳ್ಳಿ, ಇನ್ನೊಬ್ಬ ದಂಡಿಗೆ ಬರಲಿ ಅಂದ್ರಂತೆ ಸರ್ಕಾರದವರು. ಮನೇಲಿ ಇದ್ದಿದ್ದು ಇಬ್ಬರೇ ಗಟ್ಟಿ ಆಳು. ಒಬ್ಬ ಮಗ, ಒಬ್ಬ ಕೂಲಿಯವನು. ಮುತ್ತಾತ ಯಾರನ್ನ ಉಳಿಸ್ಕೊಂಡ ಅಂತ ಬಿಡಿಸಿ ಹೇಳಬೇಕಾ? ತಾತ ಸಾಯೋ ತನಕ ಆ ಕಲ್ಲಿನ ದಾರಿ ತುಳೀಲಿಲ್ಲ. ಬೆನ್ ಬದಲು ತಾತ ದಂಡಿಗೆ ಹೋಗಿದ್ರೆ ನಾನೆಲ್ಲಿ ಇರ್ತಿದ್ದೆ ಹೇಳು? ಯಾವ ಮುಖ ಇಟ್ಕೊಂಡು ಆ ಅಜ್ಜಿನ ಕರೀಲಿ?’

‘ಇರೋದೇ ಒಂದು ಮುಖ ಇಡ್ವಲಣ್ಣ. ಅದನ್ನೇ ಇಟ್ಕೊಂಡು ಕರಿ.’

‘ಹಾಲು ಮುಗೀತು. ಹೊರಡು ನೀನು.’

ಎಲುನೆಡ್ ಪೈಪು ಸುತ್ತಿಟ್ಟು ಹೊರಡುತ್ತಾರೆ. ಬಲವಂತದ ಮಾತು ಅವರದಲ್ಲ. ‘ಕೆಚ್ಚಲು ಜಗ್ಗಿದ್ರೆ ಹಸು ಒದಿಯುತ್ತೆ’ ಎಂದಷ್ಟೇ ತಮಗೆ ತಾವೇ ಹೇಳಿಕೊಂಡು ಗೇರು ಬದಲಿಸುತ್ತಾರೆ.

ನವೆಂಬರಿನ ಭಾನುವಾರ. ಮೋಡ ತಗ್ಗಿದೆ, ಮಳೆಯಿಲ್ಲ. ಮಾರ್ಗೆಡ್ ಎಂದಿನಂತೆ ಗೋಡೆಯ ಪಕ್ಕ ಮಗನ ತೋಳು ಹಿಡಿದು ನಿಂತಿದ್ದಾರೆ. ಅವರಿಗೆ ಯಾರೂ ಕರೆ ಕಳಿಸಿಲ್ಲ. ಹೆಸರುಗಳು ಒಂದೊಂದಾಗಿ ಬರುತ್ತವೆ, ‘ನಮ್ಮವನು’, ‘ನಮ್ಮವನು’ ಎನ್ನುವ ದನಿಗಳೂ ಬರುತ್ತವೆ. ಬಸ್ ಚಾಲಕ ಬಂದು ಹೋಗುತ್ತಾನೆ. ಉಣ್ಣೆ ಕತ್ತರಿಸುವವಳು ಮೂಗು ಸೀಟುತ್ತ ಹಿಂದೆ ಸರಿಯುತ್ತಾಳೆ.

‘ಬೆಂಜಮಿನ್ ರೀಸ್, ಬ್ರಿನ್‌ಗ್ಲಾಸ್.’

ಯಾರೂ ಕದಲುವುದಿಲ್ಲ. ಹಿರಿಯರು ಮುಂದಿನ ಹೆಸರಿಗೆ ಬಾಯಿ ತೆರೆಯುವಷ್ಟರಲ್ಲಿ ಇಡ್ವಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಕಲ್ಲಿನ ಕಡೆಗಲ್ಲ, ಹಿಂದೆ ಗೋಡೆಯ ಕಡೆಗೆ ನಡೆಯುತ್ತಾರೆ. ಜನ ದಾರಿ ಬಿಡುತ್ತಾರೆ.

‘ಅಕ್ಕಾ, ಬ್ರಿನ್‌ಗ್ಲಾಸಿನಿಂದ ಕರೀತಾ ಇದ್ದೀನಿ. ತಡ ಮಾಡಿದೆ. ಬನ್ನಿ.’

ಮಾರ್ಗೆಡ್ ಅವರನ್ನು ಮೇಲಿಂದ ಕೆಳಗೆ ನೋಡುತ್ತಾರೆ. ‘ಒಬ್ಬಳೇ ಹೋಗಲ್ಲ. ನೀನೂ ಬಾ. ಅವನು ಉಂಡಿದ್ದು ನಿಮ್ಮನೇಲಿ.’

ಎಪ್ಪತ್ತು ದಾಟಿದವನ ತೋಳಿನ ಆಸರೆಯಲ್ಲಿ ತೊಂಬತ್ತರ ಅಜ್ಜಿ ನಿಧಾನವಾಗಿ ಮುಂದೆ ಬರುತ್ತಾರೆ. ಇಡೀ ಊರು ಕಾಯುತ್ತದೆ. ಅಜ್ಜಿ ಕೈಗವಸು ತೆಗೆದು ಬರಿಗೈಯನ್ನು ಕಲ್ಲಿಗೆ ಒತ್ತುತ್ತಾರೆ. ‘ನಮ್ಮವನು’ ಎನ್ನುತ್ತಾರೆ, ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ. ಇಡ್ವಲ್ ಆ ಕೈಯ ಪಕ್ಕದಲ್ಲಿ ತಮ್ಮ ದಪ್ಪ ಬೆರಳುಗಳನ್ನಿಡುತ್ತಾರೆ.

‘ನಮ್ಮವನೂ ಹೌದು.’

ಮರುದಿನ ಎಲುನೆಡ್ ಮತ್ತೆ ಟ್ಯಾಂಕರಿನಲ್ಲಿದ್ದಾರೆ. ಮುಂದಿನ ಬೇಸಿಗೆಗೆ ನಿವೃತ್ತಿ. ಸನ್ಮಾನ ಗಿನ್ಮಾನ ಏನಾದರೂ ಆಸೆಯುಂಟೇ ಎಂದರೆ ನಕ್ಕುಬಿಡುತ್ತಾರೆ.

‘ಇಷ್ಟು ವರ್ಷ ಯಾರು ಬಂದ್ರು, ಯಾರು ಬರಲಿಲ್ಲ ಅಂತ ಜನರನ್ನ ನೋಡೋದರಲ್ಲೇ ಆಯ್ತು ನನಗೆ. ಸತ್ತೋರನ್ನ ನೆನೆಯೋಕೆ ಪುರಸೊತ್ತೇ ಇರಲಿಲ್ಲ. ಮುಂದಿನ ಸಲ ಎಲ್ಲರ ಹಾಗೆ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ನಿಂತ್ಕೋಬೇಕು. ಅಷ್ಟು ಸಾಕು.’