ಚಪ್ಪಲಿ ಮೆಟ್ಟಿದ ಮೇಲೆ ಹೇಳುವ ಮಾತು

ಭಾಗತ್ತೆಯ ಕೈಚೀಲಕ್ಕೆ ಹೊಲಿಗೆ ಮಷಿನ್ನಿನ ಎಣ್ಣೆಯ ವಾಸನೆ. ಅವಳು ಜನ್ಮದಲ್ಲಿ ಒಂದು ಗುಂಡಿ ಹೊಲಿದವಳಲ್ಲ. ಸಿದ್ದಾಪುರದ ತನ್ನ ಮನೆಯಲ್ಲಿ ಇವತ್ತಿಗೂ ಒಂದು ಟೈಪ್‌ರೈಟರ್ ಇಟ್ಟುಕೊಂಡು, ಅದನ್ನು ಬಳಸುವವರು ಯಾರೂ ಇಲ್ಲದಿದ್ದರೂ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಾಳೆ. ಎಣ್ಣೆಯ ಬಟ್ಟೆ, ಬಸ್ಸಿನ ಟಿಕೆಟ್, ಎಲೆಯಡಿಕೆ ಕವಳದ ಸಂಚಿ ಎಲ್ಲ ಒಂದೇ ಚೀಲದಲ್ಲಿ. ಇವತ್ತು ಬೆಳಿಗ್ಗೆ ಶಿರಸಿಯ ನಮ್ಮ ಮನೆಗೆ ಬಂದವಳು ಅದೇ ಚೀಲದಿಂದ ಒಂದು ಉದ್ದ ಲಕೋಟೆ ತೆಗೆದು ನನ್ನ ಕೈಗಿಟ್ಟಳು.

"ನೀನೇ ಓದು ತಂಗಿ. ಎನ್ನ ಕನ್ನಡಕ ಮನೇಲೇ ಉಳದೋತು."

ಕನ್ನಡಕ ಅವಳ ಕುತ್ತಿಗೆಯಲ್ಲೇ ದಾರಕ್ಕೆ ನೇತಾಡುತ್ತಿತ್ತು. ನಾನು ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. ಲಕೋಟೆಯಲ್ಲಿದ್ದದ್ದು ಅವಳ ಎದೆಯಲ್ಲಿ ಸಿಕ್ಕ ಗಂಟಿನ ತಪಾಸಣೆಯ ವರದಿ. ಸೂಜಿ ಚುಚ್ಚಿ ತೆಗೆದ ಚೂರನ್ನು ಹುಬ್ಬಳ್ಳಿಗೆ ಕಳಿಸಿ, ಹತ್ತು ದಿನ ಕಾದು ತರಿಸಿಕೊಂಡದ್ದು. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಆ ಕಾಗದದಲ್ಲಿ ಎಲ್ಲೋ ಒಂದು ಕಡೆ ಇತ್ತು. ಡಾಕ್ಟರರನ್ನು ಕಾಣಲು ಸಂಜೆಯವರೆಗೆ ಕಾಯಬೇಕು. ಅಷ್ಟು ಹೊತ್ತು ಕಾಯುವ ತಾಕತ್ತು ನಮ್ಮಿಬ್ಬರಿಗೂ ಇರಲಿಲ್ಲ.

ಕಾಗದ ಬಿಡಿಸಿದೆ. ಇಂಗ್ಲಿಷ್. ಮೊದಲ ವಾಕ್ಯವೇ ನಾಲ್ಕು ಸಾಲು. ನನ್ನ ಕಣ್ಣಿಗೆ ಕಂಡದ್ದೆಲ್ಲ ಹೆದರಿಸುವ ಪದಗಳೇ. ಐವತ್ತರ ಹತ್ತಿರ ಬಂದ ಶಾಲಾ ಮಾಸ್ತರಿಣಿ ನಾನು, ಮಕ್ಕಳಿಗೆ ಪಾಠ ಹೇಳಿ ಸಂಬಳ ಎಣಿಸುವವಳು, ಆ ಕ್ಷಣಕ್ಕೆ ಪಿಯುಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದ ಹುಡುಗಿಯಾಗಿಬಿಟ್ಟೆ. ಹೌದು, ಎರಡು ಸಲ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಇನ್ನೂ ಇದೆ.

ಆಗ ನಾವಿದ್ದದ್ದು ಸಿದ್ದಾಪುರದ ಹತ್ತಿರದ ಹಳ್ಳಿ ಕೋಲಸಿರ್ಸಿಯಲ್ಲಿ. ಟೀಚರ್ ಟ್ರೇನಿಂಗಿಗೆ ಹೋಗಬೇಕೆಂಬ ಆಸೆ ನನಗೆ, ಅದಕ್ಕೆ ಅಡ್ಡ ನಿಂತದ್ದು ಇಂಗ್ಲಿಷ್ ಒಂದೇ. ಮೂರನೆಯ ಸಲ ಕಟ್ಟುವ ಮೊದಲು ಅಪ್ಪ ನನ್ನನ್ನು ಸಿದ್ದಾಪುರಕ್ಕೆ ಕರೆದುಕೊಂಡು ಹೋಗಿ ಭಾಗತ್ತೆಗೆ ಒಪ್ಪಿಸಿದ. ಅವಳು ಅಪ್ಪನ ಚಿಕ್ಕಪ್ಪನ ಮಗಳು. ಯಲ್ಲಾಪುರದ ಒಂದು ಕಚೇರಿಯಲ್ಲಿ ವರ್ಷಗಟ್ಟಲೆ ಟೈಪಿಸ್ಟ್ ಆಗಿದ್ದು, ಆಮೇಲೆ ಸಿದ್ದಾಪುರದಲ್ಲಿ ಟಯರ್ ಅಂಗಡಿಯ ಮಹಡಿಯಲ್ಲಿ ಟೈಪಿಂಗ್ ಕ್ಲಾಸು ತೆರೆದಿದ್ದಳು. ನಾಲ್ಕು ಮಷಿನ್ನು, ಎರಡು ಬೆಂಚು, ಕೆಳಗಿನಿಂದ ಬರುವ ರಬ್ಬರಿನ ವಾಸನೆ, ಮೇಲೆ ಈ ಎಣ್ಣೆಯದು.

"ವಾಕ್ಯ ಎಷ್ಟು ನಮೂನೆ?" ಎಂದು ಮೊದಲ ದಿನವೇ ಕೇಳಿದಳು.

ನಾನು ಉಸಿರು ತೆಗೆದುಕೊಳ್ಳದೆ ಒದರಿದೆ. ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್. ಒಂದೊಂದಕ್ಕೂ ಗೈಡಿನಲ್ಲಿದ್ದ ವ್ಯಾಖ್ಯೆ, ಅಲ್ಪವಿರಾಮ ಸಮೇತ. ಭಾಗತ್ತೆ ಕವಳ ಜಗಿಯುತ್ತ ಪೂರ್ತಿ ಕೇಳಿದಳು. ಆಮೇಲೆ ಒಂದು ಪತ್ರ ಬರೆ ಎಂದಳು. ಕಾಲೇಜು ಬಿಡುವ ಹೊತ್ತಿನ ಬಸ್ಸನ್ನು ನಮ್ಮ ಊರಿನಲ್ಲಿ ನಿಲ್ಲಿಸಬೇಕೆಂದು ಬಸ್ ಡಿಪೋದವರಿಗೆ ಕೇಳುವ ಪತ್ರ.

ಬರೆದೆ. ಒಂದೂವರೆ ಪುಟ. ನಮ್ಮ ಊರಿನ ಗದ್ದೆ, ದಾರಿ, ಮಳೆಗಾಲದ ಕೆಸರು, ಅಮ್ಮನ ಮಂಡಿನೋವು, ನಾನು ಓದಿನಲ್ಲಿ ಇಟ್ಟ ಶ್ರದ್ಧೆ ಎಲ್ಲ ಬಂತು. ವಂದನೆ ಹೇಳಿ ಸಹಿ ಮಾಡಿದೆ. ಸಹಿಯ ಕೆಳಗೆ, ಕಾಗದದ ಕೊನೆಯ ಅಂಚಿಗೆ, ದಯವಿಟ್ಟು ಬಸ್ಸು ನಿಲ್ಲಿಸಿ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದೆ.

ಭಾಗತ್ತೆ ನಕ್ಕ ನಗುವಿಗೆ ಟೈಪ್ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿದರು. "ಥೇಟ್ ನಿನ್ನ ಅಪ್ಪಂದೇ" ಎಂದಳು.

ಅದು ಹೇಗೆಂದು ನಿಮಗೆ ಹೇಳಬೇಕು. ನಮ್ಮ ಕಡೆ ಒಬ್ಬರ ಮನೆಗೆ ಏನಾದರೂ ಕೇಳಲು ಹೋದವರು ಬಾಗಿಲಲ್ಲೇ ಅದನ್ನು ಹೇಳುವ ಕ್ರಮವಿಲ್ಲ. ಮೊದಲು ಕುಡಿಯಲು ಏನು ಬೇಕೆಂದು, "ಆಸರಿಗೆ ಎಂತ ಅಕ್ಕು?" ಎಂದು ಮನೆಯವರು ಕೇಳಬೇಕು. ನೀರು ಬೆಲ್ಲ ಆಗಬೇಕು. ಆಮೇಲೆ ಕವಳ, ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರಿಗೆ ಕಾಲುನೋವು ಇತ್ಯಾದಿ. ಒಂದು ತಾಸು ಕಳೆದು, ಎದ್ದು, ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿದ ಮೇಲೆ, "ಅಂದಹಂಗೆ, ಬಂದದ್ದು ಎಂತಕ್ಕೆ ಅಂದ್ರೆ..." ಎಂದು ಶುರು. ಮನೆಯವರೂ ಅದಕ್ಕೇ ಅಂಗಳದವರೆಗೆ ಬೀಳ್ಕೊಡಲು ಬರುವುದು. ಅಪ್ಪ ನನ್ನನ್ನು ಕ್ಲಾಸಿಗೆ ಸೇರಿಸಿದ್ದೂ ಹಾಗೆಯೇ. ಮಹಡಿಯ ಮೆಟ್ಟಿಲು ಅರ್ಧ ಇಳಿದಾದ ಮೇಲೆ ತಿರುಗಿ, "ಕೂಸಿಗೆ ರಾಶಿ ಇಂಗ್ಲಿಷ್ ಬತ್ತಿಲ್ಲೆ, ಒಂಚೂರು ನೋಡು" ಎಂದಿದ್ದ.

"ನಿಂಗೆ ವ್ಯಾಖ್ಯೆ ಬತ್ತು, ವಾಕ್ಯ ಬತ್ತಿಲ್ಲೆ" ಎಂದಳು ಭಾಗತ್ತೆ. "ಇಂಗ್ಲಿಷಿನವ್ರಿಗೆ ಆಸರಿಗೆ ಬೇಡ. ಯಾರು, ಎಂತ ಮಾಡಿದ, ಅಷ್ಟು ಮೊದ್ಲು ಹುಡುಕು. ಉಳದ್ದೆಲ್ಲ ನೆಂಟ್ರು."

ಅವಳ ಪಾಠಕ್ಕೆ ಪುಸ್ತಕ ಇರಲಿಲ್ಲ. ಟೈಪಿಂಗಿನಲ್ಲಿ ಕೆಟ್ಟ ಹಾಳೆಗಳನ್ನು ಉದ್ದುದ್ದ ಪಟ್ಟಿ ಕತ್ತರಿಸಿ, ಒಂದೊಂದರ ಮೇಲೆ ವಾಕ್ಯದ ಒಂದೊಂದು ತುಂಡು ಟೈಪ್ ಮಾಡಿ ಬೆಂಚಿನ ಮೇಲೆ ಹರಡುತ್ತಿದ್ದಳು. ಒಂದು ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿ ಸುಮ್ಮನೆ ನಿಲ್ಲು ಎನ್ನುತ್ತಿದ್ದಳು. 'ಬಸ್ಸು ಬಂತು' ಎಂಬರ್ಥದ್ದನ್ನು ಓದಿ ನಿಂತರೆ ಯಾರೂ ತಲೆ ಎತ್ತುತ್ತಿರಲಿಲ್ಲ. 'ಬಸ್ಸು ಬಂದಾಗ' ಎಂಬರ್ಥದ್ದನ್ನು ಓದಿ ನಿಂತರೆ, ಪಕ್ಕದ ಮಷಿನ್ನಿನಲ್ಲಿದ್ದ ಸಿದ್ದಾಪುರ ಪೇಟೆಯ ಹುಡುಗಿ, "ಬಂದಾಗ ಏನಾಯ್ತು ಮಾರಾಯ್ತಿ, ಹೇಳಿ ಮುಗ್ಸು" ಎಂದು ಗೊಣಗುತ್ತಿದ್ದಳು.

"ಗೊತ್ತಾತಾ? ಕೇಳಿದವ್ರು ಸುಮ್ನಿದ್ರೆ ಅದು ತನ್ನ ಕಾಲ ಮೇಲೆ ನಿಂತಿದ್ದು. ಮುಂದೆಂತ ಅಂದ್ರೆ ಅದಕ್ಕೆ ಇನ್ನೊಬ್ರ ಕೈ ಬೇಕು." ಕಾಲ ಮೇಲೆ ನಿಂತದ್ದು ಒಂದೇ ಇದ್ದರೆ ಸಿಂಪಲ್, ಅಂಥ ಎರಡು ಜೊತೆಯಾದರೆ ಕಾಂಪೌಂಡ್, ನಿಂತದ್ದರ ಕೈ ಹಿಡಿದು ನಿಲ್ಲಲಾರದ್ದೂ ಬಂದರೆ ಕಾಂಪ್ಲೆಕ್ಸ್. ಗೈಡಿನಲ್ಲಿ ಆರು ಪುಟ ತಿಂದ ವಿಷಯ ಇಷ್ಟೇ ಆಗಿತ್ತೆಂದು ತಿಳಿದು ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಉದ್ದದ ವಾಕ್ಯ ಕಂಡರೆ ಗಾಬರಿಯಾಗದೆ, ಕೈ ಬೇಡುವ ಭಾಗವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಮೊದಲು ಓದು, ಅಂದಳು. ಮೂರನೆಯ ಸಲ ಕೂದಲೆಳೆಯಲ್ಲಿ ಪಾಸಾದೆ. ಮಾರ್ಕು ಎಷ್ಟೆಂದು ಕೇಳಬೇಡಿ.

ಇಷ್ಟೆಲ್ಲ ಕಲಿಸಿದ ಭಾಗತ್ತೆ, ಮೂರು ವಾರದ ಹಿಂದೆ ನಮ್ಮ ಮನೆಗೆ ಬಂದಿದ್ದಳು. ಎರಡು ತಾಸು ಕೂತಳು. ಮಜ್ಜಿಗೆ ಕುಡಿದಳು. ಹೆಗ್ಗರಣೆಯಲ್ಲಿ ಯಾರದೋ ಮಗಳ ನಿಶ್ಚಯ, ಬಸ್ಸಿನಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿನಿ, ಟೈಪ್‌ರೈಟರಿನ ರಿಬ್ಬನ್ ಎಲ್ಲೂ ಸಿಗದ ಕಷ್ಟ, ಎಲ್ಲ ಮಾತಾಡಿದಳು. ನಾನು ಕುಕ್ಕರಿನ ಸೀಟಿ ಎಣಿಸುತ್ತ ಅರ್ಧ ಕಿವಿಯಲ್ಲಿ ಹೂಂಗುಟ್ಟಿದೆ. ಎದ್ದಳು. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದಳು.

"ಅಂದಹಂಗೆ ತಂಗಿ, ಎದೇಲಿ ಒಂದು ಗಂಟು ಕೈಗೆ ಸಿಕ್ತಾ ಇದ್ದು. ಎರಡು ತಿಂಗಳಾತು. ನೋವಿಲ್ಲೆ, ಎಂತಿಲ್ಲೆ."

ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದದ್ದಿಲ್ಲ. ಎರಡು ತಿಂಗಳು ಸುಮ್ಮನಿದ್ದದ್ದಕ್ಕೆ, ಎರಡು ತಾಸು ರಿಬ್ಬನ್ ವಿಷಯ ಮಾತಾಡಿದ್ದಕ್ಕೆ. ಅಂಗಳದಲ್ಲೇ ಬೈದೆ. ಮೊದಲು ಮುಖ್ಯವಾದದ್ದು ಹೇಳು ಎಂದು ನನಗೆ ಕಲಿಸಿದವರು ಯಾರು ಎಂದು ಕೇಳಿದೆ. "ಅದು ಇಂಗ್ಲಿಷಿಗಾತು" ಎಂದು ಮೆಲ್ಲಗೆ ಹೇಳಿ, ಚಪ್ಪಲಿಯನ್ನೇ ನೋಡುತ್ತ ನಿಂತಳು. ಆಗ ನನಗೆ ತಿಳಿಯಿತು, ನಮ್ಮ ಜನ ಚಪ್ಪಲಿ ಮೆಟ್ಟಿ ಹೇಳುವುದು ಮರ್ಯಾದೆಗಷ್ಟೇ ಅಲ್ಲ. ಉತ್ತರ ಕೆಟ್ಟದಿದ್ದರೆ ಕೂಡಲೇ ಹೊರಟುಬಿಡಬಹುದು ಎಂಬ ಧೈರ್ಯಕ್ಕೆ. ಮಾರನೆಯ ದಿನವೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಈಗ ಆ ಕಾಗದ ನನ್ನ ಕೈಯಲ್ಲಿ. ಓದುತ್ತೇನೆಂದು ಒಳಗೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ವಾಕ್ಯ ಶುರುವಾಗುವುದೇ 'ಆಲ್‌ದೋ' ಎಂದು, 'ಇದ್ದರೂ' ಎಂಬರ್ಥದ್ದು. ಸ್ಕ್ಯಾನಿನಲ್ಲಿ ಕಂಡ ಗಂಟಿನ ಅಳತೆ, ಅದರ ಅಂಚು, ಅಲ್ಲಲ್ಲಿ ಹಿಗ್ಗಿದ ಜೀವಕೋಶಗಳು, ಒಂದರ ಹಿಂದೊಂದು ಬಂದವು. ಅರ್ಧಕ್ಕೆ ನಿಲ್ಲಿಸಿದೆ. ಇಷ್ಟು ಹೇಳಿಯೂ ಇದು ಮುಂದೆಂತ ಎಂದು ಕೇಳುವಂತೆ ಮಾಡುತ್ತಿದೆ, ಹಾಗಾದರೆ ಮುಖ್ಯವಾದದ್ದು ಇನ್ನೂ ಬಂದಿಲ್ಲ. ಎಡಗೈಯ ಎರಡು ಬೆರಳಿನಿಂದ ಮೂರು ಸಾಲು ಮುಚ್ಚಿದೆ. ಉಳಿದದ್ದು ಒಂದು ಸಾಲು, ತನ್ನ ಕಾಲ ಮೇಲೆ ನಿಂತದ್ದು. ಪರೀಕ್ಷಿಸಿದ ಅಂಗಾಂಶದಲ್ಲಿ ಕ್ಯಾನ್ಸರಿನ ಲಕ್ಷಣ ಇಲ್ಲ.

ಮತ್ತೆ ಓದಿದೆ. ಬೆರಳು ತೆಗೆದು ಇಡೀ ವಾಕ್ಯ ಓದಿದೆ. ಕೆಳಗೆ, ಆರು ತಿಂಗಳ ನಂತರ ಇನ್ನೊಮ್ಮೆ ತೋರಿಸಬೇಕೆಂಬ ಸಣ್ಣ ವಾಕ್ಯವಿತ್ತು, ಅದಿರಲಿ, ತೋರಿಸಿದರಾಯಿತು. ಅಲ್ಲೇ ಮಣೆಯ ಮೇಲೆ ಕೂತು ಅತ್ತುಬಿಟ್ಟೆ. ಇಷ್ಟು ಹಗುರಾಗುವಂತೆ ಅತ್ತು ಎಷ್ಟು ವರ್ಷವಾಗಿತ್ತೋ.

ಹೊರಗೆ ಬಂದರೆ ಭಾಗತ್ತೆ ಜಗಲಿಯ ಅಂಚಿನಲ್ಲಿ ಕೂತಿದ್ದಳು. ಚೀಲ ಹೆಗಲಿಗೇರಿಸಿ ಆಗಿತ್ತು. ಕಾಲಲ್ಲಿ ಚಪ್ಪಲಿಯೂ ಇತ್ತು. ನನ್ನ ಬಾಯಿಗೆ ಮೊದಲು ಬಂದದ್ದು ಸ್ಕ್ಯಾನು, ಅಳತೆ, ಆರು ತಿಂಗಳು. ಎಲ್ಲವನ್ನೂ ನುಂಗಿಕೊಂಡೆ.

"ಕ್ಯಾನ್ಸರ್ ಅಲ್ದಡ ಅತ್ತೆ."

ಅವಳು ಮುಂದೆಂತ ಎಂದು ಕೇಳಲಿಲ್ಲ. ಬಗ್ಗಿ, ಒಂದೊಂದಾಗಿ ಚಪ್ಪಲಿ ಕಳಚಿ ಗೋಡೆಯ ಬದಿಗೆ ಸರಿಸಿಟ್ಟಳು.

"ಆಸರಿಗೆ ಎಂತ ಇದ್ದು?"