ಡೆನ್ಮಾರ್ಕಿನವಳಿಗೆ ದಿನಾ ಸೋತದ್ದು

ಅಲ್ಲಾಳಸಂದ್ರದಲ್ಲಿ ಚೌಕಾಬಾರ ಆಡುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ, ನಿಜ ನಿಜವೇ. ಆಟ ಕಲಿಸಿದ ಅಜ್ಜಿಯೊಬ್ಬಳು ಮಾತ್ರ ನನಗೆ ಸರಿಸಾಟಿ. ಹಾಗಿದ್ದ ನಾನು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಒಂದು ವರ್ಷ ಪರದೇಶದ ಹುಡುಗಿಯೊಬ್ಬಳಿಗೆ ದಿನಾ ಸೋತೆ, ಅದೂ ಅಜ್ಜಿಯ ಅಪ್ಪಣೆಯ ಮೇರೆಗೆ.

ಆಕೆ ಡೆನ್ಮಾರ್ಕಿನ ರೈತರ ಮನೆಯವಳು. ಅಲ್ಲಿಯ ವಿದ್ಯಾರ್ಥಿಗಳು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಹೋಗಿಬರುವ ಏರ್ಪಾಡಿನಲ್ಲಿ ಬೇಸಾಯ ಕಲಿಯಲು ಹೆಬ್ಬಾಳದ ಕೃಷಿ ಕಾಲೇಜಿಗೆ ಬಂದಿದ್ದಳು. ಉಳಿಯುವುದಾದರೆ ರೈತರ ಮನೆಯಲ್ಲೇ ಎಂದು ಆಕೆಯ ಹಟ. ನಮಗೆ ದ್ರಾಕ್ಷಿ ತೋಟವಿತ್ತು. ಅಪ್ಪ ಮನೆಯಲ್ಲಿ ಯಾರನ್ನೂ ಕೇಳದೆ ಒಪ್ಪಿಕೊಂಡು ಬಂದರು. ಅಜ್ಜಿ ಮೊದಲು ಮೂಗು ಮುರಿದಳು, ಆಮೇಲೆ ಆಕೆಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅಜ್ಜಿಯ ಬಾಯಿಂದಲೇ ಕನ್ನಡ ಕಲಿತ ಆಕೆ ‘ಓಗ್ಬತ್ತೀನಿ’ ಅಂತ ಬಸ್ಸು ಹತ್ತಿದರೆ ಕಂಡಕ್ಟರಿಗೆ ಟಿಕೆಟ್ಟು ಹರಿಯುವುದೇ ಮರೆತುಹೋಗುತ್ತಿತ್ತು.

ಭಾನುವಾರ ಕೆರೆ ಏರಿಯ ಮೇಲೆ ಓಡಾಟ, ಒಮ್ಮೊಮ್ಮೆ ಯಲಹಂಕದ ಟೆಂಟಿನಲ್ಲಿ ನೆಲದ ಮೇಲೆ ಕೂತು ಸಿನಿಮಾ. ಅವೆಲ್ಲ ಆಕೆಗೆ ಇಷ್ಟವೇ. ಆದರೆ ನಮ್ಮ ಜಗಲಿಯ ಕಲ್ಲಿನಲ್ಲಿ ಕೊರೆದಿದ್ದ ಚೌಕಾಬಾರದ ಮನೆಗಳನ್ನು ಕಂಡ ಮೇಲೆ ಬೇರೆ ಯಾವುದೂ ರುಚಿಸಲಿಲ್ಲ. ಮಧ್ಯಾಹ್ನ ಊಟ ಮುಗಿಯುವುದೇ ತಡ, ಕವಡೆ ಹಿಡಿದು ಕೂರುತ್ತಿದ್ದಳು.

ಮೊದಲ ದಿನ ನಾನು ಆಕೆಯ ಕಾಯಿ ಕಡಿಯಲು ಕೈ ಎತ್ತಿದಾಗ ಅಜ್ಜಿ ನನ್ನನ್ನು ಒಳಗೆ ಕರೆದು ತೊಡೆ ಚಿವುಟಿದಳು.

“ಮನೇಗ್ ಬಂದೋರ್ನ ಸೋಲ್ಸಿ ಕಳಿಸ್ತಾರೇನೆ? ಸುಮ್ಕೆ ಸೋತ್ಕೊಂಡ್ ಬಾ.”

ಬೇಕೆಂದು ಸೋಲುವುದು ಸುಲಭವಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಆಟದ ಕಟ್ಟಳೆ. ಹಾಗಾಗಿ ಆಕೆಯ ಕವಡೆಗೆ ಬೀಳುವ ಗರಕ್ಕೆ ಸಿಗುವ ಕಡೆಯೇ ನನ್ನ ಕಾಯಿ ಇಡಬೇಕು, ಅನುಮಾನ ಬರಬಾರದು, ಕಡಿಸಿಕೊಂಡ ಮೇಲೆ ಅಯ್ಯೋ ಅನ್ನಬೇಕು. ಸೋಲುವುದರಲ್ಲೂ ನಾನೇ ಗಟ್ಟಿಗಿತ್ತಿ. ಆಕೆಯ ಕಾಯಿಗಳೆಲ್ಲ ನಡುಮನೆ ಸೇರಿ ಹಣ್ಣಾಗುವಾಗ ನನ್ನದು ಒಂದೇ ಒಂದು ಬಾಕಿ ಉಳಿಯುವಂತೆ ಹೊಂದಿಸುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಯಲಹಂಕದ ಹತ್ತಿರದ ಸಿಂಗಾಪುರ ಹಳ್ಳಿಯಿಂದ ನನ್ನ ಸೋದರತ್ತೆ ಬಂದರು. ಆಟಕ್ಕೆ ಕೂತರೆ ಅವರಿಗೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ. ಅಜ್ಜಿ ಕಣ್ಣು ಮಿಟುಕಿಸಿದಳು, ಕೆಮ್ಮಿದಳು. ಅತ್ತೆಯ ಕೈ ನಿಲ್ಲಲಿಲ್ಲ. ಡೆನ್ಮಾರ್ಕಿನವಳ ಒಂದು ಕಾಯಿಯೂ ಹಣ್ಣಾಗಲಿಲ್ಲ. ಆಕೆ ಜಗಲಿಯ ಮೇಲಿನ ಮನೆಗಳನ್ನೇ ಬಹಳ ಹೊತ್ತು ನೋಡುತ್ತಾ ಕೂತಳು, ಆಮೇಲೆ ನನ್ನ ಕಡೆ ತಿರುಗಿ, ದಿನಾ ಬೇಕೆಂದೇ ಸೋಲುತ್ತಿದ್ದೆಯಾ ಎಂದು ಕೇಳಿದಳು. ಹೌದು ಎಂದೆ. ಸಿಕ್ಕಿಬಿದ್ದ ಮೇಲೆ ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ.

“ಅಂಗಾದ್ರೆ ನಾನ್ ಇನ್ನೂ ನೆಂಟ್ರೇ,” ಅಂದಳು.

ಸಂಜೆ ಅಪ್ಪನ ಹತ್ತಿರ ಹೋಗಿ, ಸೋಮವಾರದಿಂದ ಹೆಬ್ಬಾಳದ ಹಾಸ್ಟೆಲಿಗೆ ಹೋಗುತ್ತೇನೆ, ನಿಮಗೆಲ್ಲ ಬಹಳ ತೊಂದರೆ ಕೊಟ್ಟೆ ಎಂದು ಹೇಳಿಬಿಟ್ಟಳು. ಅಪ್ಪ ಪೆಚ್ಚಾದರು. ಅಜ್ಜಿಯಂತೂ ಅತ್ತೇಬಿಟ್ಟಳು. ಬಿಸಿನೀರಿಗೆ ಕಮ್ಮಿಯಾಯಿತೇ, ಹಾಸಿಗೆಗೆ ಕಮ್ಮಿಯಾಯಿತೇ, ಹೆತ್ತ ಮಗಳಿಗೂ ಇಷ್ಟು ಮಾಡಿರಲಿಲ್ಲವಲ್ಲ ಎಂದು ಒಂದೇ ಸಮ ಗೋಳಾಡಿದಳು. ನನಗೂ ಆಕೆ ಹೋಗುವುದು ಬೇಡವಾಗಿತ್ತು. ಅಕ್ಕತಂಗಿಯರಿಲ್ಲದ ನನಗೆ ಆಕೆಯೊಬ್ಬಳೇ ಜೊತೆ.

ಮಾರನೆಯ ದಿನ ಅಜ್ಜಿಯ ಮುಂದೆ ಕೂತು ಒಂದೇ ಮಾತು ಕೇಳಿದೆ.

“ಅಜ್ಜಿ, ಯಾವತ್ತಾದ್ರೂ ನನ್ನನ್ನ ಗೆಲ್ಲೋಕ್ ಬಿಟ್ಟಿದೀಯಾ?”

“ನಿನ್ನನ್ಯಾಕ್ ಬಿಡ್ಲಿ? ನೀನ್ ಮನೇ ಉಡ್ಗಿ.”

ಹೇಳುತ್ತಿದ್ದಂತೆ ಎಲೆಗೆ ಸುಣ್ಣ ಸವರುತ್ತಿದ್ದ ಬೆರಳು ಅಲ್ಲೇ ನಿಂತಿತು. ಚಿಕ್ಕವಳಿದ್ದಾಗ ನಾನು ಸೋತು ಸೋತು ಅತ್ತರೂ ಕರಗದವಳು ಈ ಅಜ್ಜಿ.

ಭಾನುವಾರ ಮಧ್ಯಾಹ್ನ ಅಜ್ಜಿ ತಾನೇ ಕವಡೆ ಹಿಡಿದು ಜಗಲಿಗೆ ಬಂದು ಆಕೆಯನ್ನು ಕರೆದಳು. ಆಕೆ ಬಿಗುಮಾನದಿಂದಲೇ ಕೂತಳು. ಮೊದಲ ಸುತ್ತಿನಲ್ಲೇ ಅಜ್ಜಿ ಆಕೆಯ ಕಾಯಿ ಕಡಿದು, ‘ಓಗು, ಮನೇಲ್ ಬಿದ್ದಿರು’ ಅಂತ ಹಂಗಿಸಿದಳು. ಇನ್ನೊಂದು ಕಡಿದಳು. ಆಕೆಯ ಕೆನ್ನೆ ಕೆಂಪಾಯಿತು, ಸೊಂಟಕ್ಕೆ ಸೆರಗು ಸಿಕ್ಕಿಸುವವಳ ಹಾಗೆ ಲಂಗ ಎಳೆದುಕೊಂಡು ಸರಿಯಾಗಿ ಕೂತಳು. ಮೂರು ಆಟ ಸೋತಳು. ಸೋಮವಾರ ಬಂತು, ಹೋಯಿತು; ಹಾಸ್ಟೆಲಿನ ಮಾತು ಯಾರೂ ಎತ್ತಲಿಲ್ಲ.

ನನ್ನ ಕೈಲೂ ಸೋತಳು. ನಾನು ಎಳ್ಳಷ್ಟೂ ಕನಿಕರ ತೋರಿಸಲಿಲ್ಲ. ಅಷ್ಟು ದಿನದ ಬಾಕಿ ತೀರಬೇಕಿತ್ತಲ್ಲ. ಸೋತು ಸೋತೇ ಆಟದ ಗುಟ್ಟು ಹಿಡಿದಳು. ಊರಿಗೆ ಹೊರಡುವ ದಿನ ಹತ್ತಿರವಾದಾಗ ಒಂದು ಮಧ್ಯಾಹ್ನ ಅಜ್ಜಿಯ ಕೊನೆಯ ಕಾಯಿಯನ್ನು ಹಣ್ಣಾಗುವ ಹೊಸ್ತಿಲಲ್ಲಿ ಕಡಿದು, ಗೆದ್ದೇಬಿಟ್ಟಳು.

ಗೆದ್ದವಳ ಮುಖದಲ್ಲಿ ನಗು ಬರಲಿಲ್ಲ. ಇದೂ ಬಿಟ್ಟುಕೊಟ್ಟದ್ದೇ ಇರಬಹುದೆಂದು ಹೆದರಿ ನನ್ನನ್ನು ನೋಡಿದಳು. ಅಜ್ಜಿಯ ಮುಖ ನೋಡು ಎಂದೆ. ಅಜ್ಜಿ ಮುಖ ಊದಿಸಿಕೊಂಡು ಕವಡೆ ಬಾಚಿ ಮಡಿಲಿಗೆ ಸುರಿದುಕೊಳ್ಳುತ್ತಿದ್ದಳು.

“ಗೆದ್ದಿದ್ ಸಾಕು, ಏಳೇ. ಕೊಟ್ಟಿಗೇಲಿ ಎಮ್ಮೆ ಒದರ್ಕೋತಾ ಐತೆ, ಉಲ್ಲು ಆಕೋಗು.”

ಅಲ್ಲಿಯವರೆಗೆ ಅಜ್ಜಿ ಆಕೆಗೆ ಒಂದು ಕಡ್ಡಿ ಎತ್ತಿಡು ಎಂದೂ ಹೇಳಿರಲಿಲ್ಲ. ಡೆನ್ಮಾರ್ಕಿನವಳು ಚಪ್ಪಲಿಯನ್ನೂ ಮೆಟ್ಟದೆ ಕೊಟ್ಟಿಗೆಗೆ ಓಡಿದಳು.